ಪುಡಿಯಲ್ಲೂ ತುಳಸಿಯನ್ನು ಗುರುತಿಸು

ಮಗೂ, ಔಷಧಿ ಸಸ್ಯಗಳ ಓದಿಗೆ ಸೇರಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ನಿಮ್ಮ ಕಾಲೇಜಿನಲ್ಲಿ ಅದನ್ನು ದ್ರವ್ಯಗುಣ ಎನ್ನಲಿ, ಫಾರ್ಮಕಾಗ್ನಸಿ ಎನ್ನಲಿ, ಇಂದಲ್ಲ ನಾಳೆ ನಿನ್ನ ಮೇಜಿನ ಮೇಲೆ ತುಳಸಿ ಬಂದೇ ಬರುತ್ತದೆ. ಪುಸ್ತಕದಲ್ಲಿ ಅದರ ಕಾಂಡದ್ದೂ ಎಲೆಯದ್ದೂ ಚಿತ್ರ ಇರುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ಅದೇ ಚಿತ್ರ ಇನ್ನಷ್ಟು ನೀಟಾಗಿ ಬರೆದಿರುತ್ತದೆ. ಅದನ್ನು ನೋಡಿ ಬರೆದರೆ ಅಂಕ ಸಿಗುತ್ತದೆ, ಸುಳ್ಳಲ್ಲ. ಆದರೂ ಸಸ್ಯಶಾಸ್ತ್ರ ಕಲಿಸುತ್ತಲೇ ತಲೆ ನರೆತ ನಾನು ನಿನ್ನಲ್ಲಿ ಕೇಳಿಕೊಳ್ಳುವುದು ಒಂದೇ: ಆ ಚಿತ್ರಕ್ಕೆ ಪೆನ್ಸಿಲ್ ಹಿಡಿಯುವ ಮೊದಲು ಬ್ಲೇಡ್ ಹಿಡಿ. ನೀನೇ ಕೊಯ್ದು, ನೀನೇ ಮಸೂರದಡಿ ಇಟ್ಟು, ಕಂಡದ್ದನ್ನು ಬರೆ.

ಇಷ್ಟು ಒತ್ತಾಯ ಮಾಡುವುದಕ್ಕೆ ಕಾರಣವಿದೆ. ಗಿಡವಾಗಿ ಎದುರಿಗಿದ್ದಾಗ ತುಳಸಿಯನ್ನು ನಮ್ಮ ನಾಡಿನ ಮಕ್ಕಳೂ ಗುರುತಿಸುತ್ತಾರೆ. ಔಷಧಿ ತಯಾರಿಸುವವರ ಕೈಗೆ ಅದು ಬಹಳ ಸಲ ಗಿಡವಾಗಿ ಬರುವುದಿಲ್ಲ, ಚೀಲದಲ್ಲಿ ಪುಡಿಯಾಗಿ ಬರುತ್ತದೆ. ಪುಡಿಯಾದ ಮೇಲೆ ಎಲೆಯ ಆಕಾರ ಇಲ್ಲ, ಕದಿರಿಲ್ಲ, ಕಾಂಡದ ಚೌಕ ಇಲ್ಲ. ವಾಸನೆಯನ್ನು ನಂಬುವಂತಿಲ್ಲ, ಹಳೆಯ ಪುಡಿಯಲ್ಲಿ ಅದು ಇರುವುದೇ ಇಲ್ಲ. ಉಳಿಯುವುದು ಜೀವಕೋಶಗಳ ಚೂರು ಮಾತ್ರ. ಆ ಚೂರನ್ನು ನೋಡಿ ‘ಇದು ತುಳಸಿ, ಇದಲ್ಲ’ ಎಂದು ಹೇಳಬೇಕಾದವನು ನೀನು. ನಿನ್ನ ಮಾತಿನ ಮೇಲೆ ಯಾರದೋ ಮನೆಯ ಮಗು ಆ ಕಷಾಯ ಕುಡಿಯುತ್ತದೆ. ಒಳರಚನೆಯ ಪಾಠ ಪರೀಕ್ಷೆಗಾಗಿ ಇರುವುದಲ್ಲ, ಅದು ಇರುವುದು ಈ ಕೆಲಸಕ್ಕೆ.

ಮನೆಯ ಕಟ್ಟೆಯ ತುಳಸಿಗೆ ಕೈ ಹಾಕಬೇಡ, ಅಮ್ಮನಿಗೆ ಬೇಸರವಾದೀತು. ಒಣಗಿದ ಕದಿರು ಒಂದನ್ನು ಕೇಳಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜು. ಒಣ ಪುಷ್ಪಪಾತ್ರೆಗಳ ಒಳಗಿಂದ ಮಿಲಿಮೀಟರಿನ ಆಸುಪಾಸಿನ ಕಂದು ಕಾಳುಗಳು ಉದುರುತ್ತವೆ. ಬೇರೆ ಕುಂಡದಲ್ಲಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಆ ಸಸಿಗಳು ನಿನ್ನ ಪಾಠಕ್ಕೆ. ಎಳೆ ಕಾಂಡ, ಬಲಿತ ಕಾಂಡ, ಬೇರು, ಹೂ ಎಲ್ಲವೂ ಒಂದೇ ಗಿಡದಿಂದ ಸಿಗುವಾಗ ಕಲಿಕೆ ಬೇರೆಯೇ ಆಗುತ್ತದೆ.

ಮೊದಲು ಹೊರಗಿನಿಂದ ಶುರು ಮಾಡು. ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸು, ನಾಲ್ಕು ಮೂಲೆ ತಾಗುತ್ತವೆ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಕೂತಿರುತ್ತವೆ, ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡವಾಗಿರುತ್ತದೆ. ಪುದೀನ, ದೊಡ್ಡಪತ್ರೆ, ತುಂಬೆ, ಕಾಮಕಸ್ತೂರಿ, ಮರುಗ ಎಲ್ಲ ಈ ಮನೆತನದವೇ. 230ಕ್ಕೂ ಹೆಚ್ಚು ಕುಲ, 7000ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಕುಟುಂಬ ಇದು. ನಮ್ಮ ಬೇಲಿಯ ಲಕ್ಕಿ, ಕಾಡಿನ ತೇಗ, ಶಿವನೆ ಹಿಂದೆ ಬೇರೆ ಕುಟುಂಬದಲ್ಲಿದ್ದವು. ಈಗ ಅವನ್ನೂ ಇದರೊಳಗೇ ಸೇರಿಸಿದ್ದಾರೆ.

ಆದರೆ ಚೌಕ ಕಾಂಡ, ಎದುರುಬದುರು ಎಲೆ ಕಂಡ ಕೂಡಲೇ ಪುದೀನದ ಕುಟುಂಬ ಎಂದು ತೀರ್ಪು ಕೊಡಬೇಡ. ಪಾರಿಜಾತದ ಎಳೆ ರೆಂಬೆ ಚೌಕವೇ, ಲಂಟಾನದ್ದೂ ಚೌಕವೇ. ನಿನಗೆ ತುಂಬ ಮುಖ್ಯವಾದದ್ದು ನೆಲಬೇವು. ಅದೂ ಔಷಧಿಯೇ, ಅದರ ಕಾಂಡಕ್ಕೂ ನಾಲ್ಕು ಮೂಲೆ, ಎಲೆಯೂ ಎದುರುಬದುರು. ಅದರ ಕುಟುಂಬವೇ ಬೇರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು. ತುಳಸಿಯನ್ನು ತುಳಸಿಯೊಂದರಿಂದಲೇ ಕಲಿಯಲಾಗುವುದಿಲ್ಲ, ಅದನ್ನು ಹೋಲುವ ಇನ್ನೊಂದು ಗಿಡ ಬೇಕೇಬೇಕು.

ಇನ್ನು ಕೊಯ್ಯುವ ಕೆಲಸ. ಎಳೆ ಕಾಂಡದ ತುಂಡನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ನೆಟ್ಟಗೆ ಹಿಡಿ. ಹೆಬ್ಬೆರಳು ಸ್ವಲ್ಪ ಕೆಳಗಿರಲಿ, ಬ್ಲೇಡ್ ಜಾರಿದರೂ ಬೆರಳಿಗೆ ತಾಗುವುದಿಲ್ಲ. ಕಾಂಡಕ್ಕೂ ಬ್ಲೇಡಿಗೂ ನೀರು ಹಚ್ಚು. ಬ್ಲೇಡನ್ನು ಒತ್ತಬೇಡ, ನಿನ್ನ ಕಡೆಗೆ ಓರೆಯಾಗಿ ಒಂದೇ ಎಳೆತದಲ್ಲಿ ಎಳೆ. ಹತ್ತಾರು ಕೊಯ್ತಗಳನ್ನು ನೀರಿನ ಬಟ್ಟಲಿಗೆ ಬಿಟ್ಟು, ನೀರಲ್ಲಿ ಕಾಣಿಸಲೋ ಬೇಡವೋ ಎನ್ನುವಷ್ಟು ತೆಳುವಾದದ್ದನ್ನು ಬ್ರಷ್‌ನಿಂದ ಎತ್ತಿಕೋ. ಪೂರ್ತಿ ಚೌಕ ಬೇಕೆಂದು ದಪ್ಪನೆಯ ಕೊಯ್ತವನ್ನು ಆರಿಸಬೇಡ. ಕಾಲು ಭಾಗ ತೆಳುವಾಗಿದ್ದರೂ ಅದರಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಎಲೆ ಮೆತ್ತಗಿರುವುದರಿಂದ ಅದನ್ನು ಕ್ಯಾರೆಟ್ ಅಥವಾ ಆಲೂಗೆಡ್ಡೆಯ ಸೀಳಿನಲ್ಲಿ ಸಿಕ್ಕಿಸಿ ಎರಡನ್ನೂ ಕೂಡಿಯೇ ಕೊಯ್ಯಬೇಕು.

ಸಫ್ರಾನಿನ್ ಬಣ್ಣ ಹಾಕಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಮೂಲೆಗಳು. ಹೊರಚರ್ಮದ ಒಂದು ಸಾಲು ಕೋಶ, ಅದರಿಂದ ಹೊರಗೆ ಚಾಚಿದ ರೋಮಗಳು. ಹೊರಚರ್ಮದ ಒಳಮಗ್ಗುಲಿಗೆ, ನಾಲ್ಕು ಮೂಲೆಗಳಲ್ಲಿ ಮಾತ್ರ, ಗೋಡೆ ದಪ್ಪಗಾದ ಕೋಶಗಳ ಗುಂಪು ಇರುತ್ತದೆ. ಅದೇ ಕೊಲೆಂಕೈಮ. ಅದರ ಗೋಡೆ ಎಲ್ಲ ಕಡೆ ಒಂದೇ ಸಮ ದಪ್ಪ ಇರುವುದಿಲ್ಲ, ಕೋಶಗಳು ಸಂಧಿಸುವ ಕಡೆ ಹೆಚ್ಚು. ಎಳೆ ಕಾಂಡ ಇನ್ನೂ ಬೆಳೆಯಬೇಕು, ಗಾಳಿಗೆ ಬಾಗಬೇಕು, ಮುರಿಯಬಾರದು. ಕೊಲೆಂಕೈಮದ ಕೋಶಗಳು ಬದುಕಿದ್ದು ಹಿಗ್ಗುತ್ತಲೇ ಆಧಾರ ಕೊಡಬಲ್ಲವು, ಅದಕ್ಕೇ ಅವು ಅಲ್ಲಿವೆ. ಮೂಲೆಮೂಲೆಯ ನಡುವಿನ ಚಪ್ಪಟೆ ಭಾಗದಲ್ಲಿ ಹಸಿರು ಕೋಶಗಳು. ಒಳಗೆ ಪ್ರತಿ ಮೂಲೆಗೂ ಎದುರಾಗಿ ಒಂದು ದೊಡ್ಡ ನಾಳಕೂರ್ಚ, ಮಧ್ಯದ ಜಾಗಗಳಲ್ಲಿ ಚಿಕ್ಕವು, ನಟ್ಟನಡುವೆ ಬೆಂಡು. ಅದೇ ಗಿಡದ ಬುಡದ ಕಡೆ ಬಂದು ಮತ್ತೊಮ್ಮೆ ಕೊಯ್ಯಿ. ಅಲ್ಲಿ ಕೂರ್ಚಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಕೇಂಬಿಯಮ್ ಸುತ್ತಲೂ ಕೂಡಿಕೊಂಡು ಕ್ಸೈಲಮ್‌ನ ಗಟ್ಟಿ ಉಂಗುರವೇ ಆಗಿಬಿಟ್ಟಿರುತ್ತದೆ, ಕಾಂಡದ ಮೂಲೆಗಳೂ ಮೊಂಡಾಗಿರುತ್ತವೆ. ಜಪಮಾಲೆಯ ತುಳಸಿಮಣಿ ಕಡೆಯುವುದು ಈ ಕಟ್ಟಿಗೆಯಿಂದಲೇ. ಪುಸ್ತಕದ ಚಿತ್ರ ಇವೆರಡರಲ್ಲಿ ಯಾವುದೋ ಒಂದು ವಯಸ್ಸಿನದು. ನಿನ್ನ ಕೊಯ್ತ ಅದಕ್ಕೆ ಹೊಂದದಿದ್ದರೆ ನಿನ್ನ ಕೈಯನ್ನು ಅನುಮಾನಿಸುವ ಮೊದಲು ಎಷ್ಟನೇ ಗೆಣ್ಣಿನಲ್ಲಿ ಕೊಯ್ದೆ ಎಂದು ನೋಡು. ಚಿತ್ರದ ಪಕ್ಕದಲ್ಲಿ ಆ ಗೆಣ್ಣಿನ ಸಂಖ್ಯೆ ಬರೆ.

ಬೇರಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೊರಗೆ ಕಾರ್ಕ್, ಒಳಗೆ ಬಹುಪಾಲು ಕ್ಸೈಲಮ್. ಒಮ್ಮೆ ಕೊಯ್ದು ನೋಡಿದರೆ ಮರೆಯುವುದಿಲ್ಲ.

ನೀನು ಹೆಚ್ಚು ಹೊತ್ತು ಕಳೆಯಬೇಕಾದದ್ದು ಎಲೆಯ ಜೊತೆ. ಅಡ್ಡಕೊಯ್ತದಲ್ಲಿ ಮೇಲಿನ ಹೊರಚರ್ಮದ ಕೆಳಗೆ ಒಂದೇ ಸಾಲು ನಿಲುವಾದ ಪ್ಯಾಲಿಸೇಡ್ ಕೋಶಗಳು, ಅದರ ಕೆಳಗೆ ಕೆಲವು ಪದರ ಸ್ಪಂಜಿನಂಥ ಕೋಶಗಳು. ಆಮೇಲೆ ಎಲೆಯ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಷ್ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಟೇಪಿನಿಂದ ಎಬ್ಬಿಸಿ ಗಾಜಿನ ಮೇಲೆ ಅಂಟಿಸು. ಪತ್ರರಂಧ್ರಗಳ ಅಚ್ಚು ಅದರಲ್ಲಿ ಮೂಡಿರುತ್ತದೆ. ಪ್ರತಿ ರಂಧ್ರದ ಎರಡು ಕಾವಲು ಕೋಶಗಳನ್ನು ಇನ್ನೆರಡು ಸಹಾಯಕ ಕೋಶಗಳು ಸುತ್ತುವರಿದಿವೆ. ಆ ಎರಡರ ನಡುವಿನ ಗೋಡೆ ರಂಧ್ರದ ಉದ್ದಕ್ಕೆ ಅಡ್ಡವಾಗಿ ಹಾಯುತ್ತದೆ. ಇದಕ್ಕೆ ಡಯಾಸಿಟಿಕ್ ಎನ್ನುತ್ತಾರೆ. ಈ ಕುಟುಂಬದ ಗುರುತುಗಳಲ್ಲಿ ಇದು ಬಹಳ ಗಟ್ಟಿಯಾದದ್ದು, ಪುಡಿಯ ಚೂರಿನಲ್ಲೂ ಉಳಿಯುವಂಥದ್ದು.

ಈಗ ನೆಲಬೇವಿನ ಎಲೆಯ ಅಚ್ಚನ್ನೂ ತೆಗೆ. ಅಲ್ಲೂ ಡಯಾಸಿಟಿಕ್ ರಂಧ್ರವೇ! ಕಾಂಡ ಚೌಕ, ಎಲೆ ಎದುರುಬದುರು, ರಂಧ್ರ ಅದೇ ಬಗೆ. ಬೇರೆ ಮಾಡುವುದು ಹೇಗೆ? ನೆಲಬೇವಿನ ಹೊರಚರ್ಮದಲ್ಲಿ ಅಲ್ಲಲ್ಲಿ ದೊಡ್ಡ ಕೋಶಗಳೊಳಗೆ ಸುಣ್ಣದ ಗಂಟು ಕೂತಿರುತ್ತದೆ, ಸಿಸ್ಟೋಲಿತ್. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕವರ್ ಸ್ಲಿಪ್‌ನ ಅಂಚಿಗೆ ಸೌಮ್ಯ ಆಮ್ಲದ ಒಂದು ಹನಿ ತಾಗಿಸಿದರೆ ಗುಳ್ಳೆ ಏಳುತ್ತದೆ. ತುಳಸಿಯಲ್ಲಿ ಈ ಗಂಟು ಇಲ್ಲ. ಒಂದೇ ಗುರುತಿನ ಮೇಲೆ ಹೆಸರು ಹೇಳುವವನು ಎಷ್ಟು ಸುಲಭವಾಗಿ ದಾರಿ ತಪ್ಪುತ್ತಾನೆ ಎಂಬುದಕ್ಕೆ ಈ ಎರಡು ಗಿಡಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಗುರುತುಗಳು ಒಟ್ಟಾಗಿ ಹೇಳಿದ್ದನ್ನು ಮಾತ್ರ ನಂಬು.

ನನಗೆ ಬಹಳ ಪ್ರೀತಿಯ ಭಾಗ ಇನ್ನು ಮುಂದಿನದು. ಎಲೆಯನ್ನು ತಿರುವಿ, ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲಿ ಬೆಳಕಿಗೆ ಓರೆಯಾಗಿ ಹಿಡಿ. ನರಗಳ ನಡುವೆ ಸಣ್ಣಸಣ್ಣ ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಕೈಮಸೂರವೂ ಇಲ್ಲವೆಂದರೆ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಆದರೂ ಆದೀತು. ತುಳಸಿಯ ಪರಿಮಳ ಇರುವುದು ಈ ಚುಕ್ಕಿಗಳಲ್ಲಿ. ಎಲೆಯ ಮೇಲಿನ ರೋಮಗಳಲ್ಲಿ ಎರಡು ಬಗೆ. ಕೋಶದ ಮೇಲೆ ಕೋಶ ಒಂದೇ ಸಾಲಾಗಿ ನಿಂತು ಚೂಪಾಗುವ ಬರೀ ರೋಮಗಳು ಒಂದು, ಎಣ್ಣೆ ತಯಾರಿಸುವ ಗ್ರಂಥಿರೋಮಗಳು ಇನ್ನೊಂದು. ಗ್ರಂಥಿಗಳಲ್ಲೂ ಚಿಕ್ಕವು ದೊಡ್ಡವು ಇವೆ. ಚಿಕ್ಕದಕ್ಕೆ ಸಣ್ಣ ತೊಟ್ಟು, ಒಂದೆರಡು ಕೋಶದ ತಲೆ. ದೊಡ್ಡದು ಎಲೆಗೆ ಒರಗಿ ಕೂತ ಗುಂಡು ಗ್ರಂಥಿ. ಅದಕ್ಕೆ ಗಿಡ್ಡ ತೊಟ್ಟು, ತಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಕೋಶ. ಪುದೀನದ ಗುಂಡು ಗ್ರಂಥಿಯಲ್ಲಿ ಎಂಟು. ಮೇಲಿನಿಂದ ನೋಡಿದಾಗ ಈ ನಾಲ್ಕೂ ಕೋಶಗಳ ನಡುವಿನ ಗೆರೆ ಕೂಡಿಸುವ ಚಿಹ್ನೆಯ ಆಕಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆ ಕೋಶಗಳು ಎಣ್ಣೆಯನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ. ಮೇಲ್ಮುಖವಾಗಿ ಹೊರಕ್ಕೆ ಬಿಡುತ್ತವೆ. ಹೊರಗೆ ಕ್ಯೂಟಿಕಲ್ ಎಂಬ ಮೇಣದಂಥ ತೆಳು ಪೊರೆ ಇದೆಯಲ್ಲ, ಅದು ಕೋಶದ ಗೋಡೆಯಿಂದ ಬಿಟ್ಟು ಎದ್ದು, ಕಾದ ಎಣ್ಣೆಗೆ ಬಿಟ್ಟ ಪೂರಿ ಉಬ್ಬುವ ಹಾಗೆ ಉಬ್ಬುತ್ತದೆ. ಎಣ್ಣೆ ಕೂಡಿಡುವುದು ಆ ಉಬ್ಬಿನೊಳಗೆ. ಅದರ ಮೇಲೆ ಇರುವುದು ಅದೊಂದೇ ಪೊರೆ. ನೀನು ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಪರಿಮಳ ಬರುತ್ತದೆ ಎಂದರೆ ಆ ಪೊರೆ ಒಡೆಯಿತು ಎಂದೇ ಅರ್ಥ. ಎಳೆ ಎಲೆಯಲ್ಲಿ ಈ ಚುಕ್ಕಿಗಳು ಒತ್ತೊತ್ತಾಗಿರುತ್ತವೆ, ಎಲೆ ಅಗಲವಾದ ಹಾಗೆ ಅವುಗಳ ಅಂತರ ಹೆಚ್ಚುತ್ತದೆ. ಒಂದೇ ಗಿಡದ ಎರಡು ಎಲೆ ಕಿತ್ತು ಹೋಲಿಸಿದರೆ ನಿನಗೇ ಕಾಣುತ್ತದೆ.

ಇದನ್ನು ಕಣ್ಣಾರೆ ಕಂಡ ಮೇಲೆ ಎಷ್ಟೋ ಮನೆಯ ರೂಢಿಗಳಿಗೆ ಕಾರಣ ತಾನಾಗಿ ಸಿಗುತ್ತದೆ. ಸೊಪ್ಪನ್ನು ಬಿಸಿಲಿಗೆ ಹಾಕಬೇಡ, ನೆರಳಲ್ಲಿ ಒಣಗಿಸು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಎಣ್ಣೆ ಎಲೆಯ ಆಳದಲ್ಲಿಲ್ಲ, ಹೊರಮೈಯಲ್ಲಿ ತೆಳು ಪೊರೆಯ ಅಡಿಯಲ್ಲಿದೆ, ಕಾವಿಗೆ ಬೇಗ ಹಾರಿಹೋಗುತ್ತದೆ. ಒಣಗಿದ ಎಲೆಯನ್ನು ಅದುಮಿ ಚೀಲಕ್ಕೆ ತುಂಬಿದರೂ ಅದೇ ನಷ್ಟ. ಎಲೆಯನ್ನು ಇಡಿಯಾಗಿ ಇಟ್ಟು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಬೇಕು. ಕಷಾಯ ಕುದಿಯುವಾಗ ಮುಚ್ಚಳ ತೆಗೆದಿಟ್ಟರೆ ಅಡಿಗೆಮನೆಯೆಲ್ಲ ಘಮಘಮಿಸುತ್ತದೆ, ಆದರೆ ಆ ಘಮ ಲೋಟದೊಳಗೆ ಉಳಿದಿರುವುದಿಲ್ಲ. ಪ್ರಯೋಗಾಲಯದಲ್ಲಿ ಕ್ಲೆವೆಂಜರ್ ಉಪಕರಣ ಇಟ್ಟು ನಾವು ಎಣ್ಣೆ ತೆಗೆಯುವುದೂ ಇದೇ ದಾರಿಯಲ್ಲಿ. ನೀರಲ್ಲಿ ಎಲೆ ಕುದಿಸಿ, ಆವಿಯ ಜೊತೆ ಎದ್ದ ಎಣ್ಣೆಯನ್ನು ತಣಿಸಿ ಹಿಡಿಯುತ್ತೇವೆ. ಪ್ರಾಕ್ಟಿಕಲ್ ತರಗತಿಯಲ್ಲಿ ಆ ಗಾಜಿನ ಕೊಳವೆಯಲ್ಲಿ ಎಣ್ಣೆಯ ಸಣ್ಣ ಪದರ ಕಂಡಾಗ, ಅದು ಯಾವ ಪೊರೆಯ ಅಡಿಯಿಂದ ಬಂತು ಎಂದು ನಿನಗೆ ಗೊತ್ತಿರಬೇಕು.

ಹಾಗೆಂದು ಔಷಧಿ ಎಲ್ಲ ಎಣ್ಣೆಯಲ್ಲೇ ಇದೆ ಎಂದುಕೊಳ್ಳಬೇಡ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿ ಎಲೆಯ ಓರಿಯೆಂಟಿನ್, ವಿಸೆನಿನ್ ಎಂಬ ಎರಡು ಫ್ಲೇವನಾಯ್ಡುಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ, ವಿಕಿರಣದ ಹಾನಿಯನ್ನು ಅವು ತಗ್ಗಿಸುವುದನ್ನು ವರದಿ ಮಾಡಿದರು. ಇವು ಆವಿಯ ಜೊತೆ ಹಾರುವ ಎಣ್ಣೆಯಲ್ಲ, ನೀರಿಗೆ ಇಳಿಯುವ ಸಂಯುಕ್ತಗಳು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹೇಳಿಬಿಡುವ ಆತುರವೂ ಬೇಡ. ಔಷಧಿ ಎಲೆಯಲ್ಲೇ ಇರಬೇಕೆಂದೂ ಇಲ್ಲ, ತುಳಸಿಯ ಕುಟುಂಬದ್ದೇ ಆದ ಮಾಕಂದಿಬೇರನ್ನು ನೋಡು. ಅದರ ಗೆಡ್ಡೆಬೇರನ್ನು ಉಪ್ಪಿನಕಾಯಿ ಹಾಕುವ ರೂಢಿಯೂ ಉಂಟು, ಅದರಿಂದ ಫಾರ್ಸ್ಕೋಲಿನ್ ಎಂಬ ಔಷಧಿ ದ್ರವ್ಯ ತೆಗೆಯುವುದೂ ಉಂಟು. ಆ ದ್ರವ್ಯದ ಪೂರ್ವವಸ್ತು ತಯಾರಾಗುವುದು ಬೇರಿನ ಹೊರಪದರದ ಕಾರ್ಕ್ ಕೋಶಗಳಲ್ಲಿ, ಅಲ್ಲಿಯ ಎಣ್ಣೆಹನಿಗಳಲ್ಲಿ ಎಂದು ಡೆನ್ಮಾರ್ಕ್‌ನ ಸಂಶೋಧಕರು 2014ರಲ್ಲಿ ತೋರಿಸಿದರು. ತುಳಸಿಯಲ್ಲಿ ಎಲೆಯ ಹೊರಮೈ, ಮಾಕಂದಿಯಲ್ಲಿ ಬೇರಿನ ಸಿಪ್ಪೆ. ಎಲ್ಲಿದೆ ಎಂದು ತಿಳಿಯದೆ ತೊಳೆದು, ಕೆರೆದು, ಸಿಪ್ಪೆ ಬಿಸಾಡಿದರೆ ಬೇಕಾದದ್ದೇ ಹೊರಗೆ ಹೋದೀತು.

ಹೂವನ್ನೂ ಬಿಡಬೇಡ. ತುಳಸಿಯ ಹೂ ಪುಟ್ಟದು, ಸೂಜಿಯಿಂದ ಬಿಡಿಸುವುದಕ್ಕೆ ತಾಳ್ಮೆ ಬೇಕು. ಕದಿರಿನ ಪ್ರತಿ ಗೆಣ್ಣಿನಲ್ಲೂ ಆರು ಹೂ ಒಂದು ಸುತ್ತು. ಮೇಲ್ದುಟಿಗೆ ನಾಲ್ಕು ಹಾಲೆ, ಕೆಳದುಟಿ ಒಂದೇ. ನಾಲ್ಕು ಕೇಸರಗಳು ಕೆಳದುಟಿಯ ಕಡೆಗೆ ಬಾಗಿ ಒರಗಿರುತ್ತವೆ. ಪಕ್ಕದಲ್ಲೇ ತುಂಬೆಯ ಬಿಳಿ ಹೂ ಬಿಡಿಸು. ಅಲ್ಲಿ ಕೇಸರಗಳು ನಯವಾದ ಕೂದಲಿನ ಮೇಲ್ದುಟಿಯ ಅಡಿಗೆ ಏರಿ ಅಡಗಿರುತ್ತವೆ. ಒಂದೇ ಕುಟುಂಬ, ಆದರೆ ತುಳಸಿಯಲ್ಲಿ ಪರಾಗ ಜೇನಿನ ಹೊಟ್ಟೆಗೆ ಹತ್ತುವಂತೆ, ತುಂಬೆಯಲ್ಲಿ ಬೆನ್ನಿಗೆ ಹತ್ತುವಂತೆ ಜೋಡಣೆ. ಅಂಡಾಶಯ ಎರಡರಲ್ಲೂ ನಾಲ್ಕು ಹಾಲೆಯಾಗಿ ಸೀಳಿ, ಶಲಾಕೆ ಆ ನಾಲ್ಕರ ನಡುವೆ ಬುಡದಿಂದ ಎದ್ದಿರುತ್ತದೆ. ಒಂದೊಂದು ಹಾಲೆಯೂ ಒಂದೊಂದು ಕಾಳಾಗುತ್ತದೆ. ನಾವು ಬೀಜ ಎನ್ನುವುದು ನಿಜಕ್ಕೂ ಫಲದ ಕಾಲುಭಾಗ. ಕಾಮಕಸ್ತೂರಿಯ ಕಾಳಿನ ಮೇಲೆ ಒಂದು ಹನಿ ನೀರು ಬಿಟ್ಟು ಮಸೂರದಡಿ ನೋಡು. ಹೊರಗೋಡೆಯ ಕೋಶಗಳಿಂದ ಲೋಳೆ ಉಕ್ಕಿ ಸುತ್ತಲೂ ನಿಲ್ಲುವುದು ಕಣ್ಣೆದುರೇ ನಡೆಯುತ್ತದೆ.

ಹೂವಿನ ವಿಷಯ ಹೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. ರಾಮತುಳಸಿ ಎಂದು ಒಂದೂರಲ್ಲಿ ಕರೆಯುವುದು ಇನ್ನೊಂದೂರಲ್ಲಿ ಬೇರೆಯೇ ಪ್ರಭೇದ ಆಗಿರುತ್ತದೆ. ಮನೆಯ ಹಸಿರು ತುಳಸಿಗೂ ಆ ಹೆಸರಿದೆ, ದೊಡ್ಡೆಲೆಯ ಓಸಿಮಮ್ ಗ್ರಾಟಿಸಿಮಮ್‌ಗೂ ಇದೆ. ಕೃಷ್ಣತುಳಸಿ ಮತ್ತು ಹಸಿರು ತುಳಸಿ ಮಾತ್ರ ಒಂದೇ ಪ್ರಭೇದ, ನೇರಳೆ ಬಣ್ಣ ಆಂಥೋಸಯನಿನ್‌ನಿಂದ ಬಂದದ್ದು. ಹಳೆಯ ಪುಸ್ತಕಗಳಲ್ಲಿ ಓಸಿಮಮ್ ಸ್ಯಾಂಕ್ಟಮ್ ಎಂದಿದ್ದರೆ ಗಾಬರಿಯಾಗಬೇಡ. ಲಿನೇಯಸ್ 1753ರಲ್ಲಿ ಕೊಟ್ಟ ಟೆನ್ಯುಯಿಫ್ಲೋರಮ್ ಎಂಬ ಹೆಸರೇ ಮೊದಲನೆಯದು, ಸ್ಯಾಂಕ್ಟಮ್ 1767ರದು, ಗಿಡ ಒಂದೇ. ಅನುಮಾನ ಬಂದಾಗ ಹೂವಿರುವ ರೆಂಬೆ ಒತ್ತಿ ಒಣಗಿಸಿ ಹರ್ಬೇರಿಯಮ್‌ಗೆ ಒಯ್ಯಿ. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಸಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ತಂದ ಗ್ರಂಥ ಗ್ರಂಥಾಲಯದಲ್ಲಿ ಸಿಕ್ಕರೆ ಅದರಲ್ಲಿರುವ ಗಿಡ ಗುರುತಿಸುವ ಕೀಲಿಕೈಯನ್ನು ಹೂ ಕೈಯಲ್ಲಿ ಹಿಡಿದೇ ಓದು.

ಇಷ್ಟೆಲ್ಲ ಆದ ಮೇಲೆ ಪುಡಿಗೆ ಬಾ. ಮೊದಲು ನೀನೇ ಬೆಳೆದ, ನೀನೇ ಒಣಗಿಸಿದ ಎಲೆಯನ್ನು ಪುಡಿ ಮಾಡು, ಆ ಪುಡಿಯೇ ನಿನ್ನ ಅಳತೆಗೋಲು. ಚಿಟಿಕೆಯಷ್ಟನ್ನು ಕ್ಲೋರಲ್ ಹೈಡ್ರೇಟ್‌ನಲ್ಲಿ ಬಿಸಿ ಮಾಡಿ ತಿಳಿಯಾಗಿಸಿ ನೋಡು. ಡಯಾಸಿಟಿಕ್ ರಂಧ್ರವಿರುವ ಹೊರಚರ್ಮದ ಚೂರು, ಮುರಿದ ಉದ್ದ ರೋಮಗಳು, ಗುಂಡು ಗ್ರಂಥಿಯ ತಲೆಗಳು, ಪ್ಯಾಲಿಸೇಡ್ ತುಣುಕು, ನರಗಳ ಸುರುಳಿ ನಾಳಗಳು ಕಾಣಬೇಕು. ಇನ್ನೊಂದು ಚಿಟಿಕೆಗೆ ಸುಡಾನ್ III ಹಾಕಿದರೆ ಎಣ್ಣೆ ಉಳಿದಿರುವ ಗ್ರಂಥಿಗಳು ಕಿತ್ತಳೆಗೆಂಪಾಗುತ್ತವೆ. ಆಮೇಲೆ ಅಂಗಡಿಯ ಪುಡಿಯನ್ನು ಪಕ್ಕದ ಸ್ಲೈಡಿನಲ್ಲಿ ಇಡು. ಫ್ಲೋರೋಗ್ಲೂಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ದಪ್ಪ ನಾರುಗಳು ರಾಶಿರಾಶಿ ಕೆಂಪಾದರೆ ಎಲೆಯ ಜೊತೆ ಕಾಂಡವನ್ನೂ ಅರೆದಿದ್ದಾರೆ. ಅಯೋಡಿನ್‌ಗೆ ಕಣ್ಣಿಗೆ ರಾಚುವಷ್ಟು ನೀಲಿ ಬಂದರೆ ಹಿಟ್ಟು ಬೆರೆತಿರಬಹುದು. ಆಮ್ಲಕ್ಕೆ ಗುಳ್ಳೆ ಎದ್ದರೆ ಕೂಡಲೇ ನೆಲಬೇವು ಎನ್ನಬೇಡ, ಮಣ್ಣಿನ ಸುಣ್ಣಕ್ಕೂ ಗುಳ್ಳೆ ಬರುತ್ತದೆ. ಗುಳ್ಳೆ ಎದ್ದ ಜಾಗದಲ್ಲಿ ಕೋಶ ಇತ್ತೋ, ಬರೀ ಧೂಳಿತ್ತೋ ಎಂದು ನೋಡಿ ಆಮೇಲೆ ಮಾತಾಡು. ಆಮ್ಲದ ಆವಿ ಮಸೂರವನ್ನು ತಿನ್ನುತ್ತದೆ, ಸ್ಲೈಡಿಗೆ ಕವರ್ ಸ್ಲಿಪ್ ಮುಚ್ಚದೆ ಸೂಕ್ಷ್ಮದರ್ಶಕದ ಕೆಳಗೆ ಇಡಬೇಡ.

ಪ್ರತಿ ಸ್ಲೈಡಿಗೂ ಚೀಟಿ ಅಂಟಿಸು. ಯಾವ ಗಿಡ, ಯಾವ ಊರಿನದು, ಗಿಡದ ಯಾವ ಭಾಗ, ಎಷ್ಟನೇ ಗೆಣ್ಣು, ಯಾವ ದಿನ, ಯಾವ ಬಣ್ಣ ಹಾಕಿದೆ ಎಲ್ಲ ಬರೆದಿರಲಿ. ನಿನ್ನ ಪುಡಿ ಮತ್ತು ಅಂಗಡಿಯ ಪುಡಿ ಎರಡರ ಸ್ಲೈಡುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೋ. ರಜೆಯಲ್ಲಿ ಊರಿಗೆ ಬರುವಾಗ ಆ ಪೆಟ್ಟಿಗೆ ತೆಗೆದುಕೊಂಡು ಬಾ, ಕೂತು ನೋಡೋಣ. ಈ ಸಲ ನನ್ನ ಹಿತ್ತಲಲ್ಲಿ ದೊಡ್ಡಪತ್ರೆ ಚೆನ್ನಾಗಿ ಹಬ್ಬಿದೆ. ಅದರ ದಪ್ಪ ಎಲೆಯನ್ನು ಕೊಯ್ಯುವುದಕ್ಕೆ ಕ್ಯಾರೆಟ್ಟೂ ಬೇಡ, ಹೊಸ ಬ್ಲೇಡ್ ಮಾತ್ರ ಮರೆಯಬೇಡ.